ಕಟ್ಟಿದ ಕೈ: ಸರ್ ಜೇಮ್ಸ್ ಪ್ಯಾಜೆಟ್‌ನ ಜೀವನದಿಂದ

ಕಳೆದ ಮಳೆಗಾಲದಲ್ಲಿ ನಡುರಾತ್ರಿ ಎದ್ದು ಕುಳಿತು ಬಲಗೈಯನ್ನು ಕೊಡಹುವುದು ನನಗೆ ನಿತ್ಯದ ವ್ರತವಾಗಿಬಿಟ್ಟಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರೂ ಜೋಮು ಹಿಡಿದು, ಚರ್ಮದ ಕೆಳಗೆ ಇರುವೆಯ ಸಾಲು ಹರಿದಂತಾಗಿ ಎಚ್ಚರವಾಗುತ್ತಿತ್ತು. ಕಿರುಬೆರಳೊಂದು ಮಾತ್ರ ಈ ಗೋಳಿನಲ್ಲಿ ಪಾಲುಗೊಳ್ಳದೆ ನಿಶ್ಚಿಂತವಾಗಿರುತ್ತಿತ್ತು. ಕೈಯನ್ನು ಮಂಚದಿಂದ ಇಳಿಬಿಟ್ಟು ನಾಲ್ಕು ಸಲ ಕೊಡಹಿದರೆ ತುಸು ನೆಮ್ಮದಿ. ಕಣ್ಣು ಹತ್ತುವ ಹೊತ್ತಿಗೆ ಮತ್ತೆ ಅದೇ ಬಾಧೆ. 34 ವರ್ಷ ಕನ್ನಡ ಮೇಷ್ಟರಾಗಿ ಸೀಮೆಸುಣ್ಣ ಹಿಡಿದ ಕೈ, ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿ ಸುರಿಸಿದ ಕೈ; ಇನ್ನು ಅದಕ್ಕೂ ಮುಪ್ಪು ಬಂದಿತೆಂದು ಸುಮ್ಮನಾದೆ. ಒಂದು ಬೆಳಿಗ್ಗೆ ಅಂಗಿಯ ಗುಂಡಿ ಬೆರಳ ತುದಿಗೆ ಸಿಕ್ಕಿಯೂ ಸಿಕ್ಕದಂತಾಗಿ, ಮೊಮ್ಮಗಳನ್ನು ಕರೆದು ಹಾಕಿಸಿಕೊಳ್ಳಬೇಕಾಯಿತು. ಅಂದೇ ವೈದ್ಯರಲ್ಲಿಗೆ ಹೋದೆ.

ವೈದ್ಯರು ನನ್ನ ಮಣಿಕಟ್ಟನ್ನು ಮುಂದಕ್ಕೆ ಬಗ್ಗಿಸಿ ಒಂದು ನಿಮಿಷ ಹಾಗೆಯೇ ಇರಿಸಿಕೊಳ್ಳಲು ಹೇಳಿದರು. ನಿಮಿಷ ತುಂಬುವ ಮೊದಲೇ ಇರುವೆಗಳು ಹೊರಟವು. ರೋಗಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ಮಣಿಕಟ್ಟಿನ ಎಂಟು ಚಿಕ್ಕ ಎಲುಬುಗಳು ಕಮಾನಿನಂತೆ ನಿಂತು ತಳವೂ ಗೋಡೆಯೂ ಆಗುತ್ತವೆ. ಅಂಗೈಯ ಕಡೆಯಿಂದ ಗಟ್ಟಿಯಾದ ಒಂದು ಅಡ್ಡಪಟ್ಟಿ ಚಾವಣಿಯಾಗುತ್ತದೆ. ಈ ಕಿರುಸುರಂಗದೊಳಗೆ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ಒಂದು ನರವೂ ಒತ್ತೊತ್ತಾಗಿ ಹಾದುಹೋಗುತ್ತವೆ. ಒಳಗೆ ಸ್ವಲ್ಪ ಊದಿಕೊಂಡರೂ ಹಿಗ್ಗಲು ಜಾಗವಿಲ್ಲ. ಮೊದಲು ನಲುಗುವುದು ನರ. ಸದ್ಯಕ್ಕೆ ಶಸ್ತ್ರಕ್ರಿಯೆ ಬೇಡವೆಂದು ಹೇಳಿ, ಮಣಿಕಟ್ಟನ್ನು ನೇರವಾಗಿ ನಿಲ್ಲಿಸುವ ಒಂದು ದಬ್ಬೆಯನ್ನು ಕೊಟ್ಟು, ಆರು ವಾರ ರಾತ್ರಿಯೆಲ್ಲ ಕಟ್ಟಿಕೊಂಡು ಮಲಗಬೇಕೆಂದು ಕಟ್ಟುಮಾಡಿದರು.

ಎರಡು ವಾರದಲ್ಲಿ ನಿದ್ರೆ ಮರಳಿತು. ಗುಣವಾಯಿತೆಂದು ತಿಳಿದು ದಬ್ಬೆಯನ್ನು ಬೀರುವಿನೊಳಗೆ ಸೇರಿಸಿ, ಹಳೆಯ ಶಿಷ್ಯನೊಬ್ಬನ ಗ್ರಂಥದ ಕರಡಚ್ಚನ್ನು ತಿದ್ದಲು ಕುಳಿತೆ. ಐದನೆಯ ರಾತ್ರಿ ಇರುವೆಗಳು ಮರಳಿ ಬಂದವು. ತಪ್ಪೊಪ್ಪಿಕೊಂಡು ವೈದ್ಯರ ಮುಂದೆ ನಿಂತಾಗ ಅವರು ಸಿಟ್ಟಾಗಲಿಲ್ಲ. ನನ್ನಂತೆಯೇ ಕಟ್ಟು ಬಿಚ್ಚಿದ ಒಬ್ಬ ರೋಗಿಯ ಕಥೆ 1853ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಗ್ರಂಥವೊಂದರಲ್ಲಿದೆಯೆಂದೂ, ಅದನ್ನು ಬರೆದವನು ಜೇಮ್ಸ್ ಪ್ಯಾಜೆಟ್ ಎಂದೂ ಹೇಳಿ ಕಳುಹಿಸಿದರು. ವೈದ್ಯವಿದ್ಯಾರ್ಥಿಗಳಿಗೆ ಈ ಹೆಸರು ಚಿರಪರಿಚಿತ. ಎರಡು ರೋಗಗಳು ಇಂದಿಗೂ ಅವನ ಹೆಸರನ್ನು ಹೊತ್ತಿವೆ. ಕನ್ನಡ ಮೇಷ್ಟರಾದ ನನಗೆ ಅದು ಹೊಸದು. ರಾತ್ರಿ ಕೈ ಕಟ್ಟಿಸಿಕೊಂಡು, ಹಗಲು ಈ ಮನುಷ್ಯನ ಚರಿತ್ರೆಯನ್ನು ಓದಿದೆ. ಓದಿದ್ದರಲ್ಲಿ ನನ್ನ ಮನಸ್ಸಿಗೆ ಹತ್ತಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಇಂಗ್ಲೆಂಡಿನ ಪೂರ್ವತೀರದಲ್ಲಿ ಗ್ರೇಟ್ ಯಾರ್ಮತ್ ಎಂಬ ಬಂದರು ಪಟ್ಟಣವಿದೆ. ಅಲ್ಲಿ 1814ರ ಜನವರಿ 11ರಂದು ಜೇಮ್ಸ್ ಪ್ಯಾಜೆಟ್ ಹುಟ್ಟಿದನು. ತಂದೆ ಸ್ಯಾಮ್ಯುಯೆಲ್ ಪ್ಯಾಜೆಟ್ ಬಿಯರ್ ಮದ್ಯದ ಕಾರ್ಖಾನೆಯನ್ನೂ ಹಡಗುಗಳನ್ನೂ ಹೊಂದಿದ್ದ ವರ್ತಕ. ಊರಿನ ಮೇಯರ್ ಪದವಿಯನ್ನೂ ಕಂಡವನು. ತಾಯಿಗೆ ಹದಿನೇಳು ಹೆರಿಗೆಗಳಾದವು. ಉಳಿದ ಮಕ್ಕಳು ಒಂಬತ್ತು. ಜೇಮ್ಸ್ ಬುದ್ಧಿ ಬಲಿಯುವ ಹೊತ್ತಿಗೆ ಮನೆಯ ಸಿರಿ ಇಳಿಮುಖವಾಗಿತ್ತು. ಅಣ್ಣಂದಿರು ಹೆಸರಾಂತ ಶಾಲೆಗೆ ಹೋದರು. ಅವನಿಗೆ ದೊರೆತದ್ದು ಊರಿನ ಶಾಲೆ ಮಾತ್ರ. 1830ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಊರಿನ ವೈದ್ಯ ಚಾರ್ಲ್ಸ್ ಕಾಸ್ಟರ್ಟನ್ ಎಂಬುವನ ಬಳಿ ಶಿಷ್ಯವೃತ್ತಿಗೆ ಸೇರಿಸಿದರು. ಔಷಧ ಅರೆಯುವುದು, ಗಾಯಕ್ಕೆ ಬಟ್ಟೆ ಸುತ್ತುವುದು, ಲೆಕ್ಕ ಬರೆಯುವುದು ಇವೇ ಅಲ್ಲಿನ ಪಾಠ.

ಬಿಡುವಿನ ವೇಳೆಯಲ್ಲಿ ಹುಡುಗನು ಅಣ್ಣತಮ್ಮಂದಿರೊಡನೆ ಸಮುದ್ರದಂಡೆಯಲ್ಲೂ ಜವುಗು ಭೂಮಿಯಲ್ಲೂ ಅಲೆದು ಗಿಡ, ಪಾಚಿ, ಹುಳುಗಳನ್ನು ಸಂಗ್ರಹಿಸಿದನು. 1834ರಲ್ಲಿ ಸಹೋದರ ಚಾರ್ಲ್ಸನೊಡಗೂಡಿ ಯಾರ್ಮತ್ ಸುತ್ತಣ ಜೀವಿಗಳನ್ನು ಕುರಿತು ಒಂದು ಸಣ್ಣ ಪುಸ್ತಕವನ್ನೇ ಅಚ್ಚು ಹಾಕಿಸಿದನು. ಇದನ್ನು ಬಾಲಚಾಪಲ್ಯವೆಂದು ತಳ್ಳಿಹಾಕುವಂತಿಲ್ಲ. ಒಂದು ಗಿಡವನ್ನು ಕಂಡರೆ ಅದು ಎಂದು ಚಿಗುರಿತು, ಎಂದು ಹೂ ಬಿಟ್ಟಿತು, ಎಂದು ಒಣಗಿತು ಎಂದು ಋತುವಿನಿಂದ ಋತುವಿಗೆ ಹಿಂಬಾಲಿಸಿ ಬರೆದಿಡುವ ಅಭ್ಯಾಸ ಅವನಿಗೆ ಅಲ್ಲಿ ಆಯಿತು. ಮುಂದೆ ಮನುಷ್ಯರನ್ನು ಕಂಡಾಗಲೂ ಅವನು ಹಾಗೆಯೇ ಹಿಂಬಾಲಿಸಿದನು.

ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ಸೇಂಟ್ ಬಾರ್ಥಾಲೊಮ್ಯೂ ಆಸ್ಪತ್ರೆಗೆ ವಿದ್ಯಾರ್ಥಿಯಾಗಿ ಬಂದನು. ಬಂದು ನಾಲ್ಕು ತಿಂಗಳಾಗಿತ್ತಷ್ಟೆ. 1835ರ ಫೆಬ್ರವರಿಯಲ್ಲಿ ಶವಚ್ಛೇದನದ ಕೋಣೆಯಲ್ಲಿ ಒಂದು ಹೆಣದ ಮಾಂಸಖಂಡಗಳಲ್ಲಿ ಮರಳಿನಂಥ ಬಿಳಿಯ ಚುಕ್ಕೆಗಳು ಕಂಡವು. ಅಂಥ ಚುಕ್ಕೆಗಳನ್ನು ಅಲ್ಲಿದ್ದವರು ಮೊದಲೂ ಕಂಡಿದ್ದರು. ಚಾಕುವಿನ ಬಾಯಿ ಮೊಂಡಾಗುತ್ತದೆಂದು ಗೊಣಗಿ ಮುಂದೆ ಸಾಗಿದ್ದರು. ಪ್ಯಾಜೆಟ್ ಮುಂದೆ ಸಾಗಲಿಲ್ಲ. ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕವಿರಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿಗೆ ನಡೆದುಹೋಗಿ, ಪ್ರಖ್ಯಾತ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನನ ಉಪಕರಣವನ್ನು ಬೇಡಿ ಪಡೆದು ನೋಡಿದನು. ಒಂದೊಂದು ಚುಕ್ಕೆಯೂ ಒಂದು ಗೂಡು. ಗೂಡಿನೊಳಗೆ ಸುರುಳಿ ಸುತ್ತಿಕೊಂಡ ಒಂದು ಹುಳು. ಹಂದಿಯ ಮಾಂಸದಿಂದ ಮನುಷ್ಯನಿಗೆ ಬರುವ ಟ್ರಿಕಿನೆಲ್ಲ ಎಂಬ ಹುಳು ಹೀಗೆ ಒಬ್ಬ ಇಪ್ಪತ್ತೊಂದು ವಯಸ್ಸಿನ ಹುಡುಗನ ಕಣ್ಣಿಗೆ ಬಿದ್ದಿತು. ಆದರೆ ಅದಕ್ಕೆ ಹೆಸರಿಟ್ಟು ವಿದ್ವತ್ಸಭೆಯಲ್ಲಿ ವಿವರಿಸಿದವನು ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವನ್. ಕೀರ್ತಿಯ ಬಹುಪಾಲು ಅವನಿಗೇ ಸಂದಿತು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ತನಗೆ ಸಲ್ಲಬೇಕಾದ ಹೆಸರು ಕೈಜಾರಿದಾಗ ಮನುಷ್ಯನು ಕಲಿಯುವ ಪಾಠ ಎರಡು ಬಗೆ. ಪ್ಯಾಜೆಟ್ ಯಾವುದನ್ನು ಕಲಿತನೆಂಬುದು ಮುಂದೆ ತಿಳಿಯುತ್ತದೆ.

1836ರಲ್ಲಿ ಪರೀಕ್ಷೆ ಮುಗಿಯಿತು, ಬಡತನ ಮುಗಿಯಲಿಲ್ಲ. ಆಸ್ಪತ್ರೆಯ ಶಸ್ತ್ರವೈದ್ಯರ ಕೈಕೆಳಗೆ ಸಹಾಯಕನಾಗಿ ದುಡಿಯಬೇಕಾದರೆ ಆ ಕಾಲದಲ್ಲಿ ದೊಡ್ಡ ಶುಲ್ಕ ತೆರಬೇಕಿತ್ತು. ಅದನ್ನು ತೆರುವ ಶಕ್ತಿ ಅವನಿಗಿರಲಿಲ್ಲ. ಆದುದರಿಂದ ವೈದ್ಯಕೀಯ ಪತ್ರಿಕೆಗಳಿಗೆ ಬರೆದು, ಪರಭಾಷೆಯ ಗ್ರಂಥಗಳಿಂದ ಸಂಗ್ರಹಿಸಿ ಕೊಟ್ಟು ಹೊಟ್ಟೆ ಹೊರೆದನು. 1837ರಲ್ಲಿ ಆಸ್ಪತ್ರೆಯ ವಸ್ತುಸಂಗ್ರಹಾಲಯದ ಪಾಲಕನಾದನು. ರೋಗ ತಗುಲಿದ ಎಲುಬು, ಕರುಳು, ನರಗಳನ್ನು ಗಾಜಿನ ಭರಣಿಗಳಲ್ಲಿ ಇಟ್ಟು, ಒಂದೊಂದಕ್ಕೂ ಚೀಟಿ ಬರೆದು ಅಂಟಿಸುವ ಉದ್ಯೋಗ. ಬಳಿಕ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಹಂಟರ್ ಸಂಗ್ರಹಾಲಯದ ರೋಗವಸ್ತುಗಳ ಪಟ್ಟಿಯನ್ನು ಸಿದ್ಧಪಡಿಸುವ ಹೊರೆಯೂ ಅವನ ಮೇಲೆ ಬಿದ್ದಿತು. ಇದು ಗುಮಾಸ್ತೆಯ ದುಡಿಮೆಯೆಂದು ಬೇರೊಬ್ಬನು ಬೇಸರಗೊಳ್ಳುತ್ತಿದ್ದನು. ಪ್ಯಾಜೆಟ್‌ನಿಗೆ ಒಂದೊಂದು ಭರಣಿಯೂ ಒಬ್ಬ ಮನುಷ್ಯನ ಕಥೆಯ ಕೊನೆಯ ಪುಟದಂತೆ ಕಂಡಿತು. ಮೊದಲ ಪುಟವನ್ನು ಅವನು ಹಳೆಯ ದಾಖಲೆಗಳಲ್ಲಿ ಹುಡುಕಿದನು.

1844ರಲ್ಲಿ ಲಿಡಿಯ ನಾರ್ತ್ ಎಂಬಾಕೆಯನ್ನು ಮದುವೆಯಾದನು. ನಿಶ್ಚಯವಾಗಿ ವರ್ಷಗಟ್ಟಲೆ ಕಾದಮೇಲೆ ಆದ ಮದುವೆ ಅದು. ತಂದೆಯ ವ್ಯಾಪಾರ ಮುರಿದು ಉಳಿದಿದ್ದ ಸಾಲವನ್ನು ಅವನೂ ಸೋದರರೂ ಸೇರಿ ಎಷ್ಟೋ ವರ್ಷಗಳವರೆಗೆ ತೀರಿಸುತ್ತ ಬಂದರು. 1847ರಲ್ಲಿ ಆಸ್ಪತ್ರೆಯ ಸಹಾಯಕ ಶಸ್ತ್ರವೈದ್ಯನ ಸ್ಥಾನಕ್ಕೆ ಆಯ್ಕೆಯಾದಾಗ, ಶುಲ್ಕ ತೆತ್ತು ಸಹಾಯಕನಾಗಿ ದುಡಿಯದವನೆಂದು ವಿರೋಧಿಗಳು ಎತ್ತಿ ಆಡಿದರು. ಬಡತನವನ್ನೇ ಅನರ್ಹತೆಯೆಂದು ಎಣಿಸುವ ಲೋಕದ ರೀತಿ ಎಲ್ಲ ದೇಶದಲ್ಲಿಯೂ ಒಂದೇ. ಅದೇ ವರ್ಷ ಕಾಲೇಜ್ ಆಫ್ ಸರ್ಜನ್ಸ್ ಅವನನ್ನು ಉಪನ್ಯಾಸಕನನ್ನಾಗಿ ನೇಮಿಸಿತು. ಆರು ವರ್ಷ ಕೊಟ್ಟ ಉಪನ್ಯಾಸಗಳು 1853ರಲ್ಲಿ ಶಸ್ತ್ರವೈದ್ಯದ ರೋಗಶಾಸ್ತ್ರವನ್ನು ಕುರಿತ ಎರಡು ಸಂಪುಟಗಳಾಗಿ ಹೊರಬಂದವು. ನನ್ನ ವೈದ್ಯರು ಹೇಳಿದ ಗ್ರಂಥ ಇದೇ.

ಮಣಿಕಟ್ಟಿನ ರೋಗವನ್ನು ವಿವರಿಸಬೇಕೆಂದು ಪ್ಯಾಜೆಟ್ ಹೊರಟಿರಲಿಲ್ಲ. ದೇಹದ ಒಂದು ಭಾಗದ ಪೋಷಣೆಗೆ ನರಗಳ ಹಂಗು ಎಷ್ಟರಮಟ್ಟಿಗೆ ಇದೆ ಎಂಬುದು ಅವನು ಎತ್ತಿಕೊಂಡಿದ್ದ ಪ್ರಶ್ನೆ. ನರವು ಕೆಟ್ಟರೆ ಚರ್ಮ ಮಾಂಸಗಳೂ ಕೆಡುತ್ತವೆಂಬುದಕ್ಕೆ ನಿದರ್ಶನವಾಗಿ ಎರಡು ಕೈಗಳ ಕಥೆಯನ್ನು ಹೇಳಿದನು.

ಮೊದಲನೆಯ ಕೈ ಸಂಗ್ರಹಾಲಯದ ಕೈ. ಒಬ್ಬನ ಮಣಿಕಟ್ಟಿನ ಸುತ್ತ ಹಗ್ಗವೊಂದು ಬಹು ಬಿಗಿಯಾಗಿ ಜಗ್ಗಿತ್ತು. ಅಂದಿನಿಂದ ಕೈಯಲ್ಲಿ ಎಡೆಬಿಡದ ನೋವು, ಸ್ಪರ್ಶಜ್ಞಾನ ಕುಂದಿತು, ಬೆರಳುಗಳು ಸೆಟೆದು ಮಡಿಸಿಕೊಂಡವು, ಕೈಯ ಹಿಂಭಾಗದಲ್ಲಿ ಹುಣ್ಣುಗಳು ಮಾಯುವುದೂ ಮತ್ತೆ ಏಳುವುದೂ ನಡೆಯಿತು. ಏಳು ವರ್ಷ ಹೀಗೆ ನವೆದ ಬಳಿಕ ಆ ತೋಳನ್ನೇ ಕತ್ತರಿಸಿ ತೆಗೆದರು.

ಎರಡನೆಯ ಕೈ ಗೈಸ್ ಆಸ್ಪತ್ರೆಯ ಒಬ್ಬ ರೋಗಿಯದು. ಅವನ ಮುಂಗೈಯ ಎಲುಬು ಮಣಿಕಟ್ಟಿನ ಬಳಿ ಮುರಿದಿತ್ತು. ಮುರಿದದ್ದು ಕೂಡಿಕೊಳ್ಳುವಾಗ ಹೊಸ ಎಲುಬು ಬೇಕಾದುದಕ್ಕಿಂತ ಹೆಚ್ಚಾಗಿ ಬೆಳೆದು ಮೀಡಿಯನ್ ನರವನ್ನು ಒತ್ತಿತು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಹುಣ್ಣುಗಳೆದ್ದವು. ಬಗೆಬಗೆಯ ಚಿಕಿತ್ಸೆಗಳು ಸೋತವು. ಕೊನೆಗೆ ಮಣಿಕಟ್ಟನ್ನು ಅಂಗೈಯ ಕಡೆಯ ಭಾಗಗಳು ಸಡಿಲವಾಗುವಂತೆ ಇರಿಸಿ ಕಟ್ಟಿದರು. ನರದ ಮೇಲಿನ ಒತ್ತಡ ಇಳಿಯಿತು; ಹುಣ್ಣುಗಳು ಮಾದವು. ಕಟ್ಟು ಇರುವ ತನಕ ಕೈ ಚೆನ್ನಾಗಿಯೇ ಇತ್ತು. ಕಟ್ಟು ಬಿಚ್ಚಿ, ಕೈಯನ್ನು ಕೆಲಸಕ್ಕೆ ಹಚ್ಚಲು ಬಿಟ್ಟೊಡನೆ ಒತ್ತಡವೂ ಮರಳಿತು, ಹುಣ್ಣೂ ಮರಳಿತು.

ಕಥೆ ಇಷ್ಟೇ; ಗ್ರಂಥದಲ್ಲಿ ಕೆಲವೇ ಸಾಲು. ಆದರೆ ಕಟ್ಟಿನಿಂದಲೇ ನರದ ಒತ್ತಡವನ್ನು ಇಳಿಸಬಹುದೆಂಬ ಮಾತು ಈ ಕೆಲವು ಸಾಲುಗಳಲ್ಲಿ ಸ್ಪಷ್ಟವಾಗಿ ದಾಖಲಾಯಿತು. ಅಂದು ಕತ್ತಿಯ ಮಾತು ಎಂಥದೆಂಬುದನ್ನು ನೆನೆಯಬೇಕು. ಈಥರ್ ಮೂಸಿಸಿ ನೋವಿಲ್ಲದಂತೆ ಮಾಡುವ ಉಪಾಯ ಲಂಡನ್ನಿಗೆ ಬಂದದ್ದು 1846ರ ಕೊನೆಯಲ್ಲಿ. ಗಾಯ ಕೀವುಗಟ್ಟದಂತೆ ತಡೆಯುವ ಲಿಸ್ಟರನ ವಿಧಾನ ಪ್ರಕಟವಾದದ್ದು 1867ರಲ್ಲಿ. ಅಂಥ ಕಾಲದಲ್ಲಿ ಮಣಿಕಟ್ಟನ್ನು ಕೊಯ್ದು ತೆರೆಯುವುದೆಂದರೆ ಕೈಯನ್ನೋ ಪ್ರಾಣವನ್ನೋ ಪಣವಾಗಿ ಒಡ್ಡಿದಂತೆ. ಹಗ್ಗದ ಗುರುತಿದ್ದ ಕೈಯ ಪಾಡು ಕಣ್ಣ ಮುಂದಿರುವಾಗ, ಬಟ್ಟೆಯ ಕಟ್ಟೊಂದರಿಂದ ಮಾಯ್ದ ಕೈ ಸಣ್ಣ ಸಂಗತಿಯಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಗಳು ಎರಡು. ಒಂದು, ಈ ಎರಡನೆಯ ರೋಗಿ ತನ್ನವನಲ್ಲವೆಂದು ಪ್ಯಾಜೆಟ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಈ ವೃತ್ತಾಂತವನ್ನು ತನಗೆ ತಿಳಿಸಿದವನು ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಹಿಲ್ಟನ್ ಎಂದು ಹೆಸರು ಹೇಳಿದ್ದಾನೆ. ಹುಳುವಿನ ವಿಷಯದಲ್ಲಿ ತನ್ನ ಪಾಲು ಜಾರಿಹೋದ ಮನುಷ್ಯ ಇನ್ನೊಬ್ಬನ ಪಾಲನ್ನು ಜಾರಗೊಡಲಿಲ್ಲ. ಆದರೂ ಇಂದು ಈ ರೋಗದ ಚರಿತ್ರೆಯನ್ನು ಬರೆಯುವವರು ಮೊದಲು ಎತ್ತುವ ಹೆಸರು ಪ್ಯಾಜೆಟ್‌ನದೇ. ಹಿಲ್ಟನ್ನನ ಹೆಸರು ಹಿಂದೆ ಸರಿದಿದೆ. ಹಿಲ್ಟನ್ ಮುಂದೆ ವಿಶ್ರಾಂತಿಯನ್ನೇ ವಿಷಯವಾಗಿರಿಸಿಕೊಂಡು ಉಪನ್ಯಾಸಗಳನ್ನು ಕೊಟ್ಟನು. 1863ರಲ್ಲಿ ಅವು ಗ್ರಂಥವಾದವು. ನೋವು ದೇಹದ ಎಚ್ಚರಿಕೆ, ವಿಶ್ರಾಂತಿ ಅದಕ್ಕೆ ತಕ್ಕ ಉತ್ತರ. ದೇಹ ತನ್ನನ್ನು ತಾನು ಮಾಯಿಸಿಕೊಳ್ಳುವಾಗ ಅಡ್ಡ ಬಾರದಿರುವುದೂ ವೈದ್ಯನ ಧರ್ಮ ಎಂಬುದು ಅದರ ಸಾರ.

ಎರಡನೆಯ ಸಂಗತಿ ಇನ್ನೂ ದೊಡ್ಡದು. ಬೇರೆ ವೈದ್ಯನಾಗಿದ್ದರೆ ಹುಣ್ಣು ಮಾಯಿತು ಎಂಬಲ್ಲಿಗೆ ಕಥೆಯನ್ನು ನಿಲ್ಲಿಸುತ್ತಿದ್ದನು. ತನ್ನ ಪಕ್ಷಕ್ಕೆ ಅನುಕೂಲವಾದ ಸಾಕ್ಷಿ ದೊರೆತ ಮೇಲೆ ಯಾವ ವಕೀಲನು ಸಾಕ್ಷಿದಾರನನ್ನು ಮತ್ತೆ ಮಾತಾಡಿಸುತ್ತಾನೆ? ಪ್ಯಾಜೆಟ್ ಮುಂದಿನದನ್ನೂ ಬರೆದನು. ಕಟ್ಟು ಬಿಚ್ಚಿದ ಮೇಲೆ ಏನಾಯಿತು, ಕೈ ಕೆಲಸಕ್ಕೆ ಹೋದಮೇಲೆ ಏನಾಯಿತು ಎಂಬುದನ್ನು ಮರೆಮಾಚಲಿಲ್ಲ.

ಇದು ಅವನ ಇಡೀ ಬಾಳಿನ ಸ್ವಭಾವವೆಂದು ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮನದಟ್ಟಾಯಿತು. 1856ರಲ್ಲಿ ಒಬ್ಬ ಗೃಹಸ್ಥನು ಕಾಲಿನ ಎಲುಬುಗಳ ನೋವೆಂದು ಅವನಲ್ಲಿಗೆ ಬಂದನು. ವರ್ಷ ವರ್ಷಕ್ಕೂ ಆತನ ಎಲುಬುಗಳು ದಪ್ಪವಾಗಿ ಬಾಗುತ್ತ ಹೋದವು. ತಲೆಬುರುಡೆ ಬೆಳೆದು, ಟೋಪಿಯ ಸುತ್ತಳತೆ ಇಪ್ಪತ್ತೆರಡೂವರೆ ಅಂಗುಲದಿಂದ ಇಪ್ಪತ್ತೇಳೂಕಾಲು ಅಂಗುಲಕ್ಕೆ ಏರಿತು. ಪ್ಯಾಜೆಟ್ ಅವನನ್ನು ಗುಣಪಡಿಸಲಾರದೆ ಹೋದನು, ಆದರೆ ಕೈಬಿಡಲಿಲ್ಲ. 1876ರಲ್ಲಿ ಆ ಗೃಹಸ್ಥನು ತೀರಿಕೊಳ್ಳುವವರೆಗೆ, ಇಪ್ಪತ್ತು ವರ್ಷ, ಕಂಡದ್ದನ್ನು ಬರೆಯುತ್ತ ಬಂದು, ಅದೇ ವರ್ಷ ವಿದ್ವತ್ಸಭೆಯ ಮುಂದೆ ಇಟ್ಟನು. ಎಲುಬಿನ ಪ್ಯಾಜೆಟ್ ರೋಗವೆಂದು ನಾವು ಕರೆಯುವುದು ಅದನ್ನೇ. ಅದಕ್ಕೆ ಎರಡು ವರ್ಷ ಮೊದಲು, ಸ್ತ್ರೀಯರ ಮೊಲೆತೊಟ್ಟಿನ ಮೇಲೆ ಮಾಯದೆ ಉಳಿಯುವ ಒಂದು ಬಗೆಯ ಕಜ್ಜಿ ಒಂದೆರಡು ವರ್ಷಗಳೊಳಗೆ ಒಳಗಣ ಕ್ಯಾನ್ಸರಿನಲ್ಲಿ ಮುಗಿಯುವುದೆಂದು ತೋರಿಸಿಕೊಟ್ಟಿದ್ದನು. ಮೇಲುನೋಟಕ್ಕೆ ಕ್ಷುದ್ರವಾದುದರ ಮುಂದಿನ ಗತಿಯನ್ನು ಕಾದು ನೋಡಿದವನಿಗೆ ಮಾತ್ರ ಅದು ಕಾಣುವಂಥದು.

ಅಧ್ಯಾಪಕರಾದ ಓದುಗರಿಗೆ ಇನ್ನೊಂದು ವಿಷಯ ರುಚಿಸೀತು. ತನ್ನ ಬಳಿ ಕಲಿತ ಸಾವಿರ ವೈದ್ಯವಿದ್ಯಾರ್ಥಿಗಳು ಮುಂದೆ ಏನಾದರೆಂದು ಪ್ಯಾಜೆಟ್ ವಿಚಾರಿಸಿ 1869ರಲ್ಲಿ ಪ್ರಕಟಿಸಿದನು. ಅತ್ಯುನ್ನತ ಕೀರ್ತಿ ಪಡೆದವರು 23, ಗಣ್ಯರಾದವರು 66, ತಕ್ಕಮಟ್ಟಿಗೆ ಬಾಳಿದವರು 507, ಅಲ್ಪಯಶಸ್ಸಿನವರು 124, ಪೂರ್ತಿ ಸೋತವರು 56. ಉಳಿದವರಲ್ಲಿ 96 ಜನ ವೃತ್ತಿಯನ್ನು ಬಿಟ್ಟರು. 87 ಜನ ವೃತ್ತಿಗಿಳಿದು ಹನ್ನೆರಡು ವರ್ಷ ಕಳೆಯುವ ಮೊದಲೇ ತೀರಿಹೋದರು. 41 ಜನ ವಿದ್ಯಾರ್ಥಿದೆಸೆಯಲ್ಲೇ ಸತ್ತರು. ನಾನು 34 ವರ್ಷ ಪಾಠ ಹೇಳಿದವನು. ನನ್ನ ಮಕ್ಕಳಲ್ಲಿ ಮೊದಲ ದರ್ಜೆಯವರ ಹೆಸರು ಮಾತ್ರ ಬಾಯಲ್ಲಿದೆ. ಸೋತ 56 ಜನರನ್ನು ಲೆಕ್ಕಕ್ಕೆ ಹಿಡಿದ ಗುರುವಿನ ಮುಂದೆ ನನ್ನ ತಲೆ ತಾನಾಗಿ ಬಾಗಿತು.

ಮೂಳೆ ಕಟ್ಟುವ ನಾಟಿ ವೈದ್ಯರನ್ನೂ ಅವನು ಕಡೆಗಣಿಸಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬಿದಿರ ದಬ್ಬೆಯಿಟ್ಟು ಕಟ್ಟುವವರಿದ್ದಂತೆ ಇಂಗ್ಲೆಂಡಿನಲ್ಲಿಯೂ ಓದುಬರೆಹವಿಲ್ಲದೆ ಕೈಚಳಕದಿಂದಲೇ ಬದುಕುವ ಮೂಳೆವೈದ್ಯರಿದ್ದರು. ಅವರು ಗುಣಪಡಿಸುವ ರೋಗಗಳು ಯಾವುವು ಎಂಬ ಬಗ್ಗೆ 1867ರಲ್ಲಿ ಅವನು ಒಂದು ಉಪನ್ಯಾಸವನ್ನೇ ಕೊಟ್ಟನು. ಅವರಿಂದಾಗುವ ಅನರ್ಥಗಳನ್ನು ಎಣಿಸಿ ಹೇಳಿದನು; ಅವರಲ್ಲಿರುವ ಒಳ್ಳೆಯದನ್ನು ಕಲಿತುಕೊಳ್ಳಬೇಕೆಂದು ಶಿಷ್ಯರಿಗೆ ಬುದ್ಧಿ ಹೇಳಿದನು. ಕಟ್ಟಿನ ಬೆಲೆಯನ್ನೂ, ಅತಿಯಾಗಿ ಕಟ್ಟಿಟ್ಟ ಕೀಲು ಮರಗಟ್ಟುವ ಅಪಾಯವನ್ನೂ ಬಲ್ಲವನು ಆಡುವ ಮಾತು ಅದು.

ಮುಂದಿನದು ಸನ್ಮಾನಗಳ ಕಥೆ. ಅದನ್ನು ಬೇಗನೆ ಮುಗಿಸುತ್ತೇನೆ. 1858ರಲ್ಲಿ ವಿಕ್ಟೋರಿಯ ರಾಣಿಯ ಶಸ್ತ್ರವೈದ್ಯರಲ್ಲಿ ಒಬ್ಬನಾದನು. ಕೈಗಿಂತ ಕಣ್ಣೇ ಅವನ ಬಲವೆಂದು ಲಂಡನ್ನಿನ ಜನ ಬಗೆದಿದ್ದರು. ರೋಗ ಯಾವುದೆಂದು ತಿಳಿಯಲು ಪ್ಯಾಜೆಟ್‌ನ ಬಳಿಗೆ ಹೋಗಬೇಕು, ಕೊಯ್ಯಿಸಿಕೊಳ್ಳಲು ಫರ್ಗುಸನ್ನನ ಬಳಿಗೆ ಹೋಗಬೇಕು ಎಂಬ ಮಾತು ಹಬ್ಬಿತ್ತಂತೆ. 1871ರಲ್ಲಿ ಒಂದು ಶವಪರೀಕ್ಷೆಯಿಂದ ನಂಜೇರಿ, ಸಾವಿನ ಬಾಗಿಲಿಗೆ ಹೋಗಿ ಮರಳಿದನು. ಅವನು ತನ್ನ ದೇಹಕ್ಕೆ ಬಿಡುವು ಕೊಟ್ಟವನಲ್ಲ. ಈ ಕಾಯಿಲೆಯ ನಂತರ ಆಸ್ಪತ್ರೆಯ ಹುದ್ದೆಯನ್ನು ಬಿಡಬೇಕಾಯಿತು. ಅದೇ ವರ್ಷ ಬ್ಯಾರನೆಟ್ ಪದವಿ ಬಂದು ಸರ್ ಜೇಮ್ಸ್ ಎನಿಸಿದನು. 1881ರಲ್ಲಿ ಪಾಸ್ತರ್, ಕಾಕ್, ವಿರ್ಖೊ ಮೊದಲಾದ ಮಹನೀಯರು ಲಂಡನ್ನಿನಲ್ಲಿ ನೆರೆದ ಅಂತರರಾಷ್ಟ್ರೀಯ ವೈದ್ಯಸಮ್ಮೇಳನಕ್ಕೆ ಅವನೇ ಅಧ್ಯಕ್ಷ. 1883ರಿಂದ 1895ರವರೆಗೆ ಲಂಡನ್ ವಿಶ್ವವಿದ್ಯಾಲಯದ ಉಪಕುಲಪತಿ. 1899ರ ಡಿಸೆಂಬರ್ 30ರಂದು, 85ನೆಯ ವಯಸ್ಸಿನಲ್ಲಿ, ಶತಮಾನದ ಅಂಚಿನಲ್ಲಿ ಕಣ್ಣು ಮುಚ್ಚಿದನು.

ಅವನು ಬರೆದಿಟ್ಟ ಕೈಯ ಕಥೆ ಅವನೊಂದಿಗೆ ಮುಗಿಯಲಿಲ್ಲ. 1880ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಪಟ್ನಮ್, ರಾತ್ರಿಯಲ್ಲಿ ಕೈ ಜೋಮು ಹಿಡಿಯುವ 37 ರೋಗಿಗಳನ್ನು ಕುರಿತು ಬರೆದನು. 1913ರಲ್ಲಿ ಫ್ರಾನ್ಸಿನ ಮಾರಿ ಮತ್ತು ಫುವಾ ಎಂಬಿಬ್ಬರು ಮೃತರೊಬ್ಬರ ಮಣಿಕಟ್ಟಿನಲ್ಲಿ, ಅಡ್ಡಪಟ್ಟಿಯ ಬಳಿ ಊದಿಕೊಂಡು ಅದರ ಕೆಳಗೆ ಸಣ್ಣಗಾದ ನರವನ್ನು ಕಂಡು, ಪಟ್ಟಿಯನ್ನು ಸೀಳಿದರೆ ಒಳಿತಾದೀತೆಂದು ಸೂಚಿಸಿದರು. 1933ರಲ್ಲಿ ಲಿಯರ್ಮಂತ್ ಎಂಬ ಶಸ್ತ್ರವೈದ್ಯನು ಅಂಥ ಶಸ್ತ್ರಕ್ರಿಯೆಯನ್ನು ವರದಿ ಮಾಡಿದನು. 1950ರ ದಶಕದಿಂದ ಅಮೆರಿಕದ ಫೇಲನ್ ಇದನ್ನು ಎಲ್ಲ ವೈದ್ಯರೂ ಗುರುತಿಸುವಂತೆ ಮಾಡಿದನು. ನನ್ನ ಮಣಿಕಟ್ಟನ್ನು ನಿಮಿಷಕಾಲ ಬಗ್ಗಿಸಿ ನೋಡಿದ ಪರೀಕ್ಷೆ ಅವನ ಹೆಸರಿನದೇ.

ಹಿಲ್ಟನ್ನನ ರೋಗಿಯ ಕಟ್ಟಿಗೂ ನನ್ನ ದಬ್ಬೆಗೂ ಒಂದು ಭೇದವಿದೆ. ಅವನ ನರವನ್ನು ಒತ್ತಿದ್ದು ಉಬ್ಬಿದ ಎಲುಬು. ಅಂಗೈಯ ಕಡೆಯ ಭಾಗಗಳನ್ನು ಸಡಿಲಿಸಿದರೆ ನರ ಆ ಉಬ್ಬಿನ ಮೇಲೆ ಬಿಗಿಯುವುದು ತಪ್ಪುತ್ತಿತ್ತು. ನನ್ನಂಥ ಸಾಮಾನ್ಯ ರೋಗಿಗೆ ಅಂಥ ಉಬ್ಬಿಲ್ಲ. ಸುರಂಗದೊಳಗಣ ಒತ್ತಡವೇ ವೈರಿ. 1981ರಲ್ಲಿ ಅಮೆರಿಕದ ವೈದ್ಯರು ಅದನ್ನು ಅಳೆದರು. ಆರೋಗ್ಯವಂತರಲ್ಲಿ ಅದು ಪಾದರಸದ ಸುಮಾರು 2.5 ಮಿಲಿಮೀಟರ್, ರೋಗಿಗಳಲ್ಲಿ ಸುಮಾರು 32. ರೋಗಿಯು ಮಣಿಕಟ್ಟನ್ನು ಮುಂದಕ್ಕೆ ಪೂರ್ತಿ ಬಗ್ಗಿಸಿದರೂ ಹಿಂದಕ್ಕೆ ಬಾಗಿಸಿದರೂ ಅದು 90ನ್ನು ದಾಟುತ್ತಿತ್ತು. ನಿದ್ರೆಯಲ್ಲಿ ಕೈ ಮುದುರಿ ತಲೆಯ ಕೆಳಗಿಟ್ಟುಕೊಳ್ಳುವ ನಾವು ನಮಗೆ ಅರಿವಿಲ್ಲದೆ ನರವನ್ನು ಹಿಸುಕುತ್ತಿರುತ್ತೇವೆ. ಆದುದರಿಂದಲೇ ಇಂದಿನ ದಬ್ಬೆ ಮಣಿಕಟ್ಟನ್ನು ಬಗ್ಗಿಸದೆ ನೇರವಾಗಿ ಹಿಡಿಯುತ್ತದೆ, ರಾತ್ರಿಯಲ್ಲಿ ಹಿಡಿಯುತ್ತದೆ.

ದಬ್ಬೆಯಲ್ಲದೆ ಸ್ಟಿರಾಯ್ಡ್ ಚುಚ್ಚುಮದ್ದು ಎಂಬುದೂ ಇದೆ. 2018ರಲ್ಲಿ ಬ್ರಿಟನ್ನಿನಲ್ಲಿ ಎರಡನ್ನೂ ಹೋಲಿಸಿ ನೋಡಿದ ಪ್ರಯೋಗವೊಂದು ಪ್ರಕಟವಾಯಿತು. ಆರು ವಾರಗಳಲ್ಲಿ ಚುಚ್ಚುಮದ್ದಿನವರು ಮುಂದಿದ್ದರು. ಆರು ತಿಂಗಳಲ್ಲಿ ಇಬ್ಬರೂ ಸರಿಸಮ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇವೆಯೇ ಎಂದು ನೋಡಿ ಅವನ್ನು ಸರಿಪಡಿಸುವುದೂ ಚಿಕಿತ್ಸೆಯ ಭಾಗ. ಬಸುರಿಯರಿಗೆ ಬರುವ ಬಾಧೆ ಸಾಮಾನ್ಯವಾಗಿ ಹೆರಿಗೆಯ ನಂತರ ಇಳಿಯುತ್ತದೆ. ಆದರೆ ಜೋಮು ಹಗಲೂ ರಾತ್ರಿಯೂ ಬಿಡದಂತಾದರೆ, ಹೆಬ್ಬೆರಳ ಬುಡದ ದುಂಡು ಮಾಂಸ ಕರಗಲಾರಂಭಿಸಿದರೆ, ಕಟ್ಟನ್ನೇ ನಂಬಿ ಕೂಡುವುದು ಅವಿವೇಕ. ಆಗ ಶಸ್ತ್ರಕ್ರಿಯೆಯೇ ನರವನ್ನು ಉಳಿಸುವ ದಾರಿ.

ಹೆಬ್ಬೆರಳ ಬುಡದ ಮಾಂಸವೆಂದು ಬರೆಯುವಾಗ ನನ್ನ ತಾಯಿಯ ಕೈ ಕಣ್ಣ ಮುಂದೆ ಬರುತ್ತದೆ. ನನ್ನ ಬಾಲ್ಯದಲ್ಲಿ ನಮ್ಮದು ಹನ್ನೊಂದು ಜನರ ಮನೆ. ಬೀಸುವುದು, ರುಬ್ಬುವುದು, ಸೇದುವುದು, ಒಗೆಯುವುದು ಎಲ್ಲವೂ ಅವಳ ಆ ಎರಡು ಕೈಗಳಿಂದ. ರಾತ್ರಿ ನನಗೆ ಎಚ್ಚರವಾದಾಗ ಅವಳು ಗೋಡೆಗೆ ಒರಗಿ ಕುಳಿತು ಕೈ ಕೊಡಹುತ್ತಿದ್ದುದನ್ನು ಎಷ್ಟೋ ಸಲ ಕಂಡಿದ್ದೇನೆ. ಮನೆಯವರು ವಾತವೆಂದರು, ಎಣ್ಣೆ ಕಾಯಿಸಿ ಹಚ್ಚಿದರು, ಬೆಳಗಾಗುತ್ತಲೇ ಒರಳು ಕಾದಿರುತ್ತಿತ್ತು. ಕೊನೆಗಾಲದಲ್ಲಿ ಅವಳ ಹೆಬ್ಬೆರಳ ಬುಡ ಬತ್ತಿ ಹಳ್ಳವಾಗಿತ್ತು. ಪೂಜೆಯ ಹೂವು ಬೆರಳಿನಲ್ಲಿ ನಿಲ್ಲುತ್ತಿರಲಿಲ್ಲ. ಅದು ಏನೆಂದು ಕೇಳಿದವರಿಲ್ಲ, ನಾನೂ ಕೇಳಲಿಲ್ಲ.

ಗೈಸ್ ಆಸ್ಪತ್ರೆಯ ಆ ರೋಗಿ ಕಟ್ಟು ಬಿಚ್ಚಿಸಿಕೊಂಡದ್ದು ನನ್ನಂತೆ ಅಸಡ್ಡೆಯಿಂದಲ್ಲವೆಂದು ಈಗ ನನಗೆ ತೋರುತ್ತದೆ. ಕೈಯಿಂದಲೇ ಅನ್ನ ದುಡಿಯುವವನು ಕೈ ಕಟ್ಟಿಕೊಂಡು ಎಷ್ಟು ದಿನ ಕುಳಿತಾನು? ವಿಶ್ರಾಂತಿಯೆಂಬುದು ಅಗ್ಗದ ಔಷಧವೆಂದು ತೋರಿದರೂ ಅದರ ಬೆಲೆಯನ್ನು ತೆರಲಾರದವರು ಬಹಳ ಜನ. ಹಗಲು ದುಡಿಯಲೇಬೇಕಾದವರಿಗೆ ರಾತ್ರಿಯನ್ನಾದರೂ ಬಿಟ್ಟುಕೊಡುವ ಈಗಿನ ದಬ್ಬೆ ಆ ಮಟ್ಟಿಗೆ ದೊಡ್ಡ ಉಪಕಾರಿ. ನನಗೆ ಆರು ವಾರ ತುಂಬಿದ ಮೇಲೂ ವೈದ್ಯರು ಮತ್ತೆ ಬಂದು ತೋರಿಸಬೇಕೆಂದು ದಿನ ಗೊತ್ತುಮಾಡಿದ್ದಾರೆ. ಕಟ್ಟು ಬಿಚ್ಚಿದ ಕೈ ಕೆಲಸಕ್ಕೆ ಹೋದಮೇಲೆ ಏನಾಯಿತೆಂದು ಅವರು ನೋಡಬೇಕಂತೆ. ಪ್ಯಾಜೆಟ್‌ನ ಹೆಸರನ್ನು ಹೇಳಿದ ವೈದ್ಯರು ಅವನ ಅಭ್ಯಾಸವನ್ನೂ ಉಳಿಸಿಕೊಂಡಿದ್ದಾರೆ. ಆ ದಿನ ತಪ್ಪದೆ ಹೋಗುತ್ತೇನೆ.